ಒಮ್ಮೆಯೂ ರನ್ ಔಟ್ ಆಗದ ದಾಂಡಿಗ

"ಬುದ್ಧೀ, ನನಗೆ ಯಾರ ಮೇಲೂ ನಂಬಿಕೆ ಹುಟ್ಟುವುದಿಲ್ಲ. ಇದಕ್ಕೆ ಏನು ಮಾಡಲಿ?" ಎಂದು ಮರುಳಯ್ಯ ಗುರುಗಳನ್ನು ಕೇಳಿದನು.

ಮರುಳಯ್ಯ ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಹತ್ತೊಂಬತ್ತು ವರ್ಷಗಳಿಂದ ಅಕ್ಕಿ, ಬೇಳೆ, ಬೆಲ್ಲದ ಕೋಣೆಗಳ ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಒಂದು ದಿನದ ಮಟ್ಟಿಗೂ ಅದನ್ನು ಇನ್ನೊಬ್ಬರಿಗೆ ಕೊಡಲಾರದೆ ಅವನು ಸ್ವಂತ ತಂಗಿಯ ಮಗಳ ಮದುವೆಗೂ ಹೋಗಿರಲಿಲ್ಲ. ಈಗ ಮಂಡಿನೋವು ಶುರುವಾಗಿತ್ತು. ಗುರುಗಳು ಅವನ ಜೊತೆಗೆ ಇನ್ನೊಬ್ಬನನ್ನು ಹಾಕಿದ್ದರು. ಆ ಇನ್ನೊಬ್ಬ ಒಳ್ಳೆಯವನೇ, ಕೆಲಸದಲ್ಲಿ ಚುರುಕು. ಆದರೂ ಅವನು ಉಗ್ರಾಣದೊಳಗೆ ಕಾಲಿಟ್ಟರೆ ಮರುಳಯ್ಯ ಅವನ ಬೆನ್ನಿಗೇ ಹೋಗಿ ನಿಲ್ಲುತ್ತಿದ್ದನು. ಇವನು ಇವತ್ತಲ್ಲ ನಾಳೆ ನನಗೆ ಕೈ ಕೊಡುತ್ತಾನೆ ಎಂಬ ಯೋಚನೆಯಲ್ಲಿ ಊಟ ಸೇರುತ್ತಿರಲಿಲ್ಲ.

ಗುರುಗಳು ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಕೂತುಕೋ, ಒಬ್ಬ ಕ್ರಿಕೆಟ್ ಆಟಗಾರನ ಕತೆ ಹೇಳುತ್ತೇನೆ" ಎಂದರು.

ಪುರಾಣದಲ್ಲಿ ಒಬ್ಬರೂ ಸಿಗಲಿಲ್ಲವೇ ಎಂಬಂತೆ ಮರುಳಯ್ಯ ಅವರ ಮುಖ ನೋಡಿದನು. ಗುರುಗಳು ಪೂರ್ವಾಶ್ರಮದಲ್ಲಿ ರೇಡಿಯೋವನ್ನು ಕಿವಿಗೆ ಒತ್ತಿಕೊಂಡು ವೀಕ್ಷಕ ವಿವರಣೆ ಕೇಳುತ್ತಿದ್ದವರು ಎಂಬುದು ಮಠದ ಹಳಬರಿಗೆಲ್ಲ ಗೊತ್ತಿದ್ದ ಸಂಗತಿ. ಮರುಳಯ್ಯನಿಗೆ ಮಾತ್ರ ಬೀಗಗಳ ಗಡಿಬಿಡಿಯಲ್ಲಿ ಅದು ತಿಳಿದಿರಲಿಲ್ಲ. ಗುರುಗಳು ಶಾಲು ಹೊದ್ದುಕೊಂಡು ಕತೆ ಶುರು ಮಾಡಿದರು.

ಒಬ್ಬ ದಾಂಡಿಗನಿದ್ದ. ಹೆಸರು ಬೇಡ. ಹೆಸರು ಹೇಳಿದರೆ ನೀನು ಅವನ ಶತಕಗಳನ್ನು ಎಣಿಸುತ್ತಾ ಕೂರುತ್ತೀಯ, ಕತೆ ಕೇಳುವುದಿಲ್ಲ. ಸಣ್ಣ ಊರಿನವನು. ಅಪ್ಪ ದರ್ಜಿ. ಅವನು ಆಟ ಕಲಿತದ್ದು ಎಣ್ಣೆ ಗಿರಣಿಯ ಹಿಂದಿನ ಓಣಿಯಲ್ಲಿ. ಓಣಿಯ ಎರಡು ಕಡೆಯೂ ಗೋಡೆ. ಗೋಡೆ ದಾಟಿ ಚೆಂಡು ಹೋದರೆ ಔಟ್ ಎಂಬುದು ಅಲ್ಲಿನ ಕಾನೂನು. ಯಾಕೆಂದರೆ ಒಂದು ಗೋಡೆಯ ಆಚೆ ನಿವೃತ್ತ ಹವಾಲ್ದಾರರೊಬ್ಬರ ಮನೆ. ಅಲ್ಲಿಗೆ ಹೋದ ಚೆಂಡು ವಾಪಸು ಬಂದ ಇತಿಹಾಸವೇ ಇರಲಿಲ್ಲ. ಹೀಗಾಗಿ ಆ ಓಣಿಯಲ್ಲಿ ಫೋರು, ಸಿಕ್ಸರು ಎಂಬ ಮಾತೇ ಇಲ್ಲ. ಚೆಂಡನ್ನು ನೆಲದ ಮೇಲೆ ತಳ್ಳಬೇಕು, ಒಂದೊಂದು ರನ್ನನ್ನೂ ಓಡಿಯೇ ತೆಗೆಯಬೇಕು. ಅಲ್ಲಿ ಪಳಗಿದ ಕಾಲು ಅವನದು. ಹದಿನಾರು ವರ್ಷಕ್ಕೆ ಜಿಲ್ಲೆಗೆ ಆಡಿದ, ಹತ್ತೊಂಬತ್ತಕ್ಕೆ ರಾಜ್ಯಕ್ಕೆ ಆಡಿದ, ಇಪ್ಪತ್ತೊಂದಕ್ಕೆ ದೇಶಕ್ಕೆ ಆಡಿದ.

ದೇಶಕ್ಕೆ ಆಡಿದ್ದು ಒಂದೆರಡು ದಿನವಲ್ಲ, ಹದಿನೇಳು ವರ್ಷ. ಸಮುದ್ರದಾಚೆಯ ಮೈದಾನಗಳಲ್ಲಿ, ಎದೆಯ ಮಟ್ಟಕ್ಕೆ ಪುಟಿಯುವ ಚೆಂಡಿಗೆ ಮೈಯೊಡ್ಡಿ ನಿಂತ. ಅವನ ಚಿತ್ರ ಕ್ಷೌರದ ಅಂಗಡಿಗಳಲ್ಲಿ ದೇವರ ಪಟದ ಪಕ್ಕಕ್ಕೆ ಬಂತು. ಅವನು ಆಡುವ ದಿನ ಕಚೇರಿಗಳಲ್ಲಿ ಕಡತ ಮುಂದಕ್ಕೆ ಹೋಗುತ್ತಿರಲಿಲ್ಲ. ಜನ ಅವನ ಶತಕಗಳನ್ನು ಕೊಂಡಾಡಿದರು. ಅವನಿಗೆ ಶತಕಗಳಿಗಿಂತ ಇನ್ನೊಂದು ಸಂಗತಿಯ ಬಗ್ಗೆ ಹೆಚ್ಚು ಹೆಮ್ಮೆ. ಅಷ್ಟು ವರ್ಷದಲ್ಲಿ ಅವನು ಒಮ್ಮೆಯೂ ರನ್ ಔಟ್ ಆಗಿರಲಿಲ್ಲ.

ರನ್ ಔಟ್ ಎಂದರೆ ಏನೆಂದು ನಿನಗೆ ಹೇಳಬೇಕಲ್ಲ. ಕ್ರಿಕೆಟ್ಟಿನಲ್ಲಿ ಚೆಂಡನ್ನು ಹೊಡೆಯುವವನು ಒಬ್ಬ, ಆದರೆ ಓಡುವವರು ಇಬ್ಬರು. ಈ ತುದಿಯವನು ಆ ತುದಿಗೆ, ಆ ತುದಿಯವನು ಈ ತುದಿಗೆ. ಇಬ್ಬರೂ ಒಟ್ಟಿಗೆ ಹೊರಡಬೇಕು. ಒಬ್ಬ ಹೊರಟು ಇನ್ನೊಬ್ಬ ನಿಂತುಬಿಟ್ಟರೆ ಹೊರಟವನ ಕತೆ ಮುಗಿಯಿತು. ಅವನು ಗೆರೆ ಮುಟ್ಟುವುದರೊಳಗೆ ಎದುರಾಳಿಗಳು ಚೆಂಡಿನಿಂದ ವಿಕೆಟ್ ಬೀಳಿಸುತ್ತಾರೆ. ಬೌಲರನ ಒಳ್ಳೆಯ ಚೆಂಡಿಗೆ ಔಟಾದರೆ ಯಾರೂ ಬೇಸರ ಪಡುವುದಿಲ್ಲ. ಜೊತೆಗಾರ ನಂಬಿಸಿ ತಾನು ನಿಂತುಬಿಟ್ಟರೆ ಅದು ಹೊಟ್ಟೆಯಲ್ಲಿ ಉರಿಯುತ್ತದೆ.

ಈಗ ಕತೆಯ ಗಂಟಿಗೆ ಬರೋಣ. ದಾಂಡಿಗನ ಏಳನೆಯ ವರ್ಷ. ತಂಡಕ್ಕೆ ಒಬ್ಬ ಹೊಸಬ ಬಂದ. ಕರಾವಳಿಯ ಕಡೆಯವನು, ಇಪ್ಪತ್ನಾಲ್ಕು ವರ್ಷ, ಹಂಚಿನ ಕಾರ್ಖಾನೆಯ ಕೆಲಸಗಾರನ ಮಗ. ಅದು ಅವನ ಮೊದಲ ಪಂದ್ಯ. ಇಡೀ ಊರು ಒಂದೇ ಟಿವಿಯ ಮುಂದೆ ಕೂತಿತ್ತಂತೆ. ದಾಂಡಿಗ ಆಗ ತೊಂಬತ್ತನಾಲ್ಕರಲ್ಲಿ ಆಡುತ್ತಿದ್ದ. ಹೊಸಬ ಎದುರು ತುದಿಯಲ್ಲಿದ್ದ. ದಾಂಡಿಗ ಚೆಂಡನ್ನು ಬಲಗಡೆಗೆ ತಳ್ಳಿ, "ಬಾ" ಎಂದು ಕೂಗಿದ.

ಆಟದಲ್ಲಿ ಒಂದು ಪದ್ಧತಿಯಿದೆ. ಹಿರಿಯ ಆಟಗಾರ ಕರೆದರೆ ಕಿರಿಯವನು ಚೆಂಡು ಎಲ್ಲಿದೆ ಎಂದು ನೋಡಬಾರದು, ತಲೆ ತಗ್ಗಿಸಿ ಓಡಬೇಕು. ನೋಡಿದರೆ ಹಿರಿಯವನ ಮಾತಿನಲ್ಲಿ ಅನುಮಾನ ಪಟ್ಟಂತೆ. ಹೊಸಬ ಹಾಗೆಯೇ ಓಡಿ ಬಂದ. ದಾಂಡಿಗ ಮೂರು ಹೆಜ್ಜೆ ಇಟ್ಟ. ಅಷ್ಟರಲ್ಲಿ ಫೀಲ್ಡರ್ ಚೆಂಡಿನ ಮೇಲೆ ಬಿದ್ದದ್ದನ್ನು ಕಂಡ. ತಕ್ಷಣ ತಿರುಗಿ ತನ್ನ ಗೆರೆಯೊಳಗೆ ಹೋಗಿ ನಿಂತ. "ಬೇಡ" ಎಂದು ಕೂಗುವಷ್ಟು ಸಮಯವಿತ್ತು. ಕೂಗಲಿಲ್ಲ. ಕೂಗಿದ್ದರೆ ಹೊಸಬ ನಿಲ್ಲುತ್ತಿದ್ದ, ತಿರುಗುತ್ತಿದ್ದ, ಬಹುಶಃ ಬದುಕಿಕೊಳ್ಳುತ್ತಿದ್ದ. ಅಥವಾ ಫೀಲ್ಡರ್ ಗಮನ ಇತ್ತ ಹರಿದು, ದಾಂಡಿಗನ ಕಡೆಗೇ ಚೆಂಡು ಎಸೆಯುತ್ತಿದ್ದ. ಆ ಅರೆ ಗಳಿಗೆಯಲ್ಲಿ ದಾಂಡಿಗನ ಮನಸ್ಸು ಈ ಲೆಕ್ಕವನ್ನೆಲ್ಲ ಹಾಕಿ ಮುಗಿಸಿತ್ತು. ಹೊಸಬ ತಲೆಯೆತ್ತಿ ನೋಡಿದಾಗ ಅವನಿಗೆ ಕಂಡದ್ದು ದಾಂಡಿಗನ ಬೆನ್ನು. ಆ ಕಡೆ ವಿಕೆಟ್ ಬಿತ್ತು.

ಹೊಸಬ ಜಗಳವಾಡಲಿಲ್ಲ. ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ. ದಾಂಡಿಗ ಆ ದಿನ ನೂರ ಅರವತ್ತೊಂದು ಹೊಡೆದ, ಮರುದಿನ ಪತ್ರಿಕೆಗಳ ತುಂಬ ಅವನದೇ ಚಿತ್ರ. ಹೊಸಬನ ಔಟನ್ನು ಯಾರ ತಪ್ಪೆಂದು ಯಾರೂ ಕೇಳಲಿಲ್ಲ, ಮೊದಲ ಪಂದ್ಯದ ಗಾಬರಿ ಎಂದು ಬರೆದರು. ಎರಡನೆಯ ಸರದಿಯಲ್ಲಿ ಅವನು ಸೊನ್ನೆಗೆ ಹೋದ. ಮುಂದಿನ ಪಂದ್ಯಕ್ಕೆ ಅವನ ಹೆಸರಿರಲಿಲ್ಲ, ಅದರ ಮುಂದಿನದಕ್ಕೂ ಇರಲಿಲ್ಲ.

ಆ ಸಂಜೆ ಹೊಸಬ ಡ್ರೆಸಿಂಗ್ ರೂಮಿನ ಮೂಲೆಯಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ದಾಂಡಿಗ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಅವನ ಮುಂದೆಯೇ ಹಾದುಹೋದ. ಒಂದು ಮಾತು ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಸುತ್ತ ಎಲ್ಲರೂ ಇದ್ದರು. ನಾಳೆ ಹೇಳೋಣ ಎಂದುಕೊಂಡ. ಆ ನಾಳೆ ಹತ್ತು ವರ್ಷ ಬರಲಿಲ್ಲ ಎಂದು ಇಟ್ಟುಕೋ.

ಆಟದಲ್ಲಿ ಇದೆಲ್ಲ ಇದ್ದದ್ದೇ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡರೆ ಆಯಿತೇ? ಅಂದಿನಿಂದ ಅವನಿಗೆ ಒಂದು ರೋಗ ಹಿಡಿಯಿತು. ಜೊತೆಗಾರ ಯಾರಾದರೂ "ಬಾ" ಎಂದರೆ ಅವನ ಕಾಲು ಏಳುತ್ತಿರಲಿಲ್ಲ. ಇವನು ಕರೆದು ತಿರುಗಿಬಿಟ್ಟರೆ ಎಂಬ ಅನುಮಾನ. ಕೈ ಎತ್ತಿ ಬೇಡ ಎಂದು ನಿಲ್ಲಿಸಿಬಿಡುತ್ತಿದ್ದ. ಕರೆಯುವುದೇನಿದ್ದರೂ ತಾನೇ ಕರೆಯಬೇಕು, ತಿರುಗುವುದಿದ್ದರೂ ತಾನೇ ತಿರುಗಬೇಕು. ಅವನ ಜೊತೆ ಆಡುವವರು ಬೌಲರನಿಗಿಂತ ಅವನಿಗೇ ಹೆಚ್ಚು ಹೆದರುತ್ತಿದ್ದರು. ಇತ್ತ ಪತ್ರಿಕೆಯವರು, ಇಷ್ಟು ವರ್ಷದಲ್ಲಿ ಒಮ್ಮೆಯೂ ರನ್ ಔಟ್ ಆಗದ ಮಹಾನುಭಾವ ಎಂದು ಹೊಗಳಿ ಬರೆದರು. ಅವನು ಅದನ್ನು ಓದಿ ಖುಷಿಪಟ್ಟ, ಮರುಕ್ಷಣ ಹೆದರಿದ. ಇನ್ನು ಆ ದಾಖಲೆಯನ್ನು ಕಾಯುವುದೇ ಅವನ ಕೆಲಸವಾಯಿತು.

ರೋಗ ಮೈದಾನದಲ್ಲೇ ಉಳಿಯಿತೇ ಎಂದರೆ ಇಲ್ಲ, ಮನೆಗೂ ಬಂತು. ತನ್ನ ಚೀಲವನ್ನು ಬೇರೆಯವರು ಕಟ್ಟಲು ಬಿಡುತ್ತಿರಲಿಲ್ಲ. ಬಾಗಿಲಿಗೆ ಹೆಂಡತಿ ಚಿಲಕ ಹಾಕಿದ್ದರೆ ಎದ್ದು ಹೋಗಿ ಇನ್ನೊಮ್ಮೆ ನೋಡಿ ಬರುತ್ತಿದ್ದ. ಬೇರೆಯವರು ಕಾರು ಓಡಿಸಿದರೆ ಪಕ್ಕದಲ್ಲಿ ಕೂತು ಇವನು ಬ್ರೇಕು ಒತ್ತುವವನಂತೆ ಕಾಲು ತುಳಿಯುತ್ತಿದ್ದ. ಹೆಂಡತಿ ಮಾತಿನ ಮಲ್ಲಿ. ಒಂದು ದಿನ ಅವಳಿಗೂ ತಡೆಯಲಾಗಲಿಲ್ಲ. ನೀವು ದೇಶಕ್ಕೆಲ್ಲ ದೊಡ್ಡವರು, ನನಗೆ ಮಾತ್ರ ನೆಂಟರ ಮನೆಯಲ್ಲಿ ಇದ್ದ ಹಾಗೆ ಆಗಿದೆ, ನೀವು ಯಾವತ್ತಾದರೂ ಒಮ್ಮೆ ನನ್ನ ಮೇಲೆ ಭಾರ ಹಾಕಿ ನಿದ್ದೆ ಮಾಡಿದ್ದೀರಾ ಎಂದು ಕೇಳಿಬಿಟ್ಟಳು. ಅವನು ನಗೆಯಾಡಿ ಎದ್ದುಹೋದ.

ಯಾಕೆ ಹೀಗಾಯಿತು ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಮಾರಾಯ. ಗೊತ್ತಿದ್ದದ್ದಕ್ಕೇ ಅಷ್ಟು ಭಯ. ನಂಬಿ ಓಡಿ ಬಂದವನಿಗೆ ಏನು ಮಾಡಬಹುದು ಎಂಬುದನ್ನು ಅವನು ಬೇರೆಯವರಿಂದ ಕಲಿತಿರಲಿಲ್ಲ.

ಹದಿನೇಳನೆಯ ವರ್ಷ ಬಂತು. ಕಣ್ಣು ಮಂಕಾಯಿತು, ಕಾಲು ಭಾರವಾಯಿತು. ಇದೇ ನನ್ನ ಕೊನೆಯ ಪಂದ್ಯ ಎಂದು ಅವನು ಮೊದಲೇ ಸಾರಿದ. ಆ ಪಂದ್ಯಕ್ಕೆ ನಾಲ್ಕು ದಿನ ಮೊದಲು ತಂಡದ ಒಬ್ಬನ ಬೆರಳು ಮುರಿಯಿತು. ಅವನ ಬದಲಿಗೆ ಯಾರನ್ನು ಕರೆದರು ಗೊತ್ತೇ? ಆ ಹೊಸಬನನ್ನು. ಅವನು ಹತ್ತು ವರ್ಷ ರಾಜ್ಯದ ತಂಡಕ್ಕೆ ಆಡುತ್ತಾ, ಬಿಸಿಲಲ್ಲಿ ಒಣಗುತ್ತಾ, ಖಾಲಿ ಮೈದಾನಗಳಲ್ಲಿ ರನ್ ಕೂಡಿಸುತ್ತಾ ಬಂದಿದ್ದ. ಈಗ ಅವನಿಗೆ ಮೂವತ್ತನಾಲ್ಕು. ಕಿವಿಯ ಪಕ್ಕದಲ್ಲಿ ಕೂದಲು ನರೆತಿತ್ತು. ಆದರೂ ನಾವು ಅವನನ್ನು ಹೊಸಬ ಎಂದೇ ಕರೆಯೋಣ, ದೇಶಕ್ಕೆ ಅವನು ಆಡಿದ್ದು ಆ ಒಂದೇ ಪಂದ್ಯವಲ್ಲವೇ.

ಅವನನ್ನು ಕಂಡು ದಾಂಡಿಗ ಚೀಲದೊಳಗೆ ಏನೋ ಹುಡುಕತೊಡಗಿದ. ಹೊಸಬ ಬಂದು ಕೈ ಕುಲುಕಿದ, ಚೆನ್ನಾಗಿದ್ದೀರಾ ಅಣ್ಣ ಎಂದ. ಅವನು ಅಷ್ಟು ಸಹಜವಾಗಿ ಮಾತಾಡಿದ್ದು ದಾಂಡಿಗನಿಗೆ ಇನ್ನಷ್ಟು ಅನುಮಾನ ತಂದಿತು. ಬೈದಿದ್ದರೆ ವಾಸಿಯಿತ್ತು ಎನಿಸಿತು. ಈಗಲಾದರೂ ಹೇಳಬಹುದಿತ್ತಲ್ಲ ಎಂದು ನೀನು ಕೇಳಬಹುದು. ಹತ್ತು ವರ್ಷ ಬಾಯಲ್ಲಿ ಇಟ್ಟುಕೊಂಡ ಮಾತು ಕಲ್ಲಾಗಿರುತ್ತದೆ, ಅದು ಸುಲಭಕ್ಕೆ ಹೊರಗೆ ಬರುವುದಿಲ್ಲ.

ಪಂದ್ಯದ ಐದನೆಯ ದಿನ. ಗೆಲ್ಲಲು ಇನ್ನು ಮೂವತ್ತಮೂರು ರನ್ ಬೇಕು, ಮೂರು ವಿಕೆಟ್ ಉಳಿದಿವೆ. ದಾಂಡಿಗ ಅರವತ್ತೆಂಟು ಹೊಡೆದು ನಿಂತಿದ್ದಾನೆ. ಎದುರಿಗೆ ಒಬ್ಬ ಬೌಲರ್ ಜೊತೆಗಾರನಾಗಿ ಇದ್ದಾನೆ, ಅವನಿಗೆ ಬ್ಯಾಟಿಂಗ್ ಅಷ್ಟಕ್ಕಷ್ಟೆ. ಎರಡನೆಯ ರನ್ನಿಗೆ ತಿರುಗುವಾಗ ದಾಂಡಿಗನ ತೊಡೆಯ ಸ್ನಾಯು ಕಿತ್ತುಬಂತು. ಕಾಲು ನೆಲಕ್ಕೆ ಊರಲಾಗಲಿಲ್ಲ. ಹೇಗೋ ಕುಂಟಿಕೊಂಡು ಗೆರೆ ಮುಟ್ಟಿದ. ಹೊರಗೆ ಹೋಗಿಬಿಡು ಎಂದು ವೈದ್ಯರು ಹೇಳಿದರು. ಹೋಗುವುದಿಲ್ಲ ಎಂದ.

ಆ ಕಾಲದ ನಿಯಮದಲ್ಲಿ ಇದಕ್ಕೆ ಒಂದು ದಾರಿಯಿತ್ತು. ಗಾಯಗೊಂಡವನು ನಿಂತಲ್ಲೇ ನಿಂತು ಚೆಂಡು ಹೊಡೆಯಬಹುದು, ಅವನ ಪರವಾಗಿ ಓಡಲು ಇನ್ನೊಬ್ಬ ಬರಬಹುದು. ಆ ಇನ್ನೊಬ್ಬನಿಗೆ ಬೈ-ರನ್ನರ್ ಎನ್ನುತ್ತಾರೆ. ಅವನು ಆಗಲೇ ಔಟಾದವನಾಗಿರಬೇಕು, ಪ್ಯಾಡು ಕಟ್ಟಿ ಬ್ಯಾಟು ಹಿಡಿದೇ ಬರಬೇಕು. ಹೊಡೆಯುವವನ ಪಕ್ಕಕ್ಕೆ ಸ್ವಲ್ಪ ದೂರದಲ್ಲಿ ನಿಂತು, ಹೊಡೆದ ಕೂಡಲೇ ಅವನು ಓಡುತ್ತಾನೆ. ಅವನು ತಡ ಮಾಡಿ ರನ್ ಔಟಾದರೆ ಹೊಡೆದವನೇ ಔಟ್. ಅಂದರೆ ನಿನ್ನ ತಲೆ ಇನ್ನೊಬ್ಬನ ಕಾಲ ಮೇಲೆ ನಿಂತಂತೆ.

ದಾಂಡಿಗ ಬೈ-ರನ್ನರ್ ಬೇಕೆಂದು ಕೇಳಿದ. ಪೆವಿಲಿಯನ್ ಮೆಟ್ಟಿಲು ಇಳಿದು ಒಬ್ಬ ಬಂದ. ಬಂದವನು ಹೊಸಬ.

ದಾಂಡಿಗ ಗ್ಲೌಸು ಬಿಚ್ಚಿ ಮತ್ತೆ ಕಟ್ಟಿಕೊಂಡ. ಇವನೇ ಬೇಕಿತ್ತೇ, ಇಡೀ ತಂಡದಲ್ಲಿ ಇನ್ನೊಬ್ಬ ಸಿಗಲಿಲ್ಲವೇ ಎಂದು ಒಳಗೊಳಗೇ ಕುದಿದ. ಬೇರೆಯವನನ್ನು ಕಳಿಸಿ ಎಂದು ಹೇಳಿ ಕಳಿಸೋಣವೆಂದರೆ ಕಾರಣ ಏನೆಂದು ಹೇಳುವುದು? ಎರಡು ಹೆಜ್ಜೆ ತಡ ಮಾಡಿದರೆ ಸಾಕು, ಹದಿನೇಳು ವರ್ಷ ಕಾದದ್ದು ಕೊನೆಯ ದಿನ ಮಣ್ಣುಪಾಲು. ಬೇಕೆಂದೇ ತಡ ಮಾಡಿದ ಎಂದು ಯಾರೂ ಹೇಳಲಾರರು. ಕಾಲು ಜಾರಿತು ಎಂದರೆ ಮುಗಿಯಿತು. ತಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಅವನು ಯೋಚಿಸಿದ. ಬಂದ ಉತ್ತರ ಅವನಿಗೆ ಸಮಾಧಾನ ಕೊಡಲಿಲ್ಲ.

ಅದಕ್ಕೇ ಅವನು ಓಡುವ ಹೊಡೆತವನ್ನೇ ಹೊಡೆಯಲಿಲ್ಲ. ಬೌಂಡರಿಗೆ ಹೋಗುವಂಥ ಚೆಂಡು ಸಿಕ್ಕರೆ ಹೊಡೆದ, ಇಲ್ಲದಿದ್ದರೆ ಕಾಲ ಬುಡದಲ್ಲಿ ಸಾಯಿಸಿದ. ಹೊಸಬ ಪ್ರತಿ ಚೆಂಡಿಗೂ ಓಡಲು ಬಗ್ಗಿ ನಿಲ್ಲುತ್ತಿದ್ದ, ದಾಂಡಿಗ ಪ್ರತಿ ಸಲವೂ ಕೈ ಎತ್ತಿ ಬೇಡ ಎನ್ನುತ್ತಿದ್ದ. ಅರ್ಧ ಗಂಟೆಯಲ್ಲಿ ಎರಡೇ ಫೋರು ಬಂದವು. ಆ ಕಡೆ ಜೊತೆಗಾರ ಬೌಲರ್ ಔಟಾದ, ಅವನ ಜಾಗಕ್ಕೆ ಇನ್ನೊಬ್ಬ ಬೌಲರ್ ಬಂದ. ಇಪ್ಪತ್ತಮೂರು ರನ್ ಬೇಕು, ಎರಡೇ ವಿಕೆಟ್. ಜನ ಗೊಣಗತೊಡಗಿದರು. ಕೆಲವರು ಎದ್ದು ಹೊರಟರು.

ಓವರ್ ಮುಗಿದಾಗ ಹೊಸಬ ನಡೆದುಕೊಂಡು ಹತ್ತಿರ ಬಂದ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗೆಯೂ ಇರಲಿಲ್ಲ.

"ಅಣ್ಣ, ಹೊಡೆಯುವುದು ನಿಮ್ಮ ಕೆಲಸ, ಓಡುವುದು ನನ್ನ ಕೆಲಸ. ನನ್ನ ಕೆಲಸ ನನಗೆ ಕೊಡಿ" ಎಂದ.

ದಾಂಡಿಗ ಸ್ಕೋರ್ ಬೋರ್ಡಿನ ಕಡೆ ನೋಡಿದ. ಬೇರೆ ದಾರಿ ಇರಲಿಲ್ಲ. ಮುಂದಿನ ಓವರಿನಲ್ಲಿ ಒಂದು ಚೆಂಡನ್ನು ಎಡಗಡೆಗೆ ಸರಿಸಿ, ಜೀವ ಬಾಯಿಗೆ ಬಂದವನ ಹಾಗೆ ನಿಂತ. ಒಂದು ರನ್ ಆಗುವ ಹೊಡೆತ. ಹೊಸಬ ಎರಡು ಓಡಿದ. ಮತ್ತೊಂದು ಹೊಡೆದ. ಮತ್ತೆ ಎರಡು. ಮೂರನೆಯದಕ್ಕೆ ಮೂರು. ಮೂವತ್ತನಾಲ್ಕು ವರ್ಷದ ಆ ಮನುಷ್ಯ ಬೆಂಕಿ ಬಿದ್ದ ಮನೆಗೆ ನೀರು ತರುವವನಂತೆ ಓಡುತ್ತಿದ್ದ. ಅಂಗಿ ಬೆವರಿಗೆ ಮೈಗಂಟಿತ್ತು.

ಆಗ ದಾಂಡಿಗನಿಗೆ ಏನೋ ಆಯಿತು, ಮರುಳಯ್ಯ. ಹದಿನೇಳು ವರ್ಷ ಅವನು ಚೆಂಡು ಹೊಡೆದ ಮರುಗಳಿಗೆ ಓಡಿದ್ದಾನೆ, ಫೀಲ್ಡರ್ ಕೈಯನ್ನು ನೋಡಿದ್ದಾನೆ, ಜೊತೆಗಾರನ ಕಾಲನ್ನು ನೋಡಿದ್ದಾನೆ. ತಾನು ಹೊಡೆದ ಚೆಂಡು ಹುಲ್ಲಿನ ಮೇಲೆ ಹೋಗುವುದನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ. ಆ ದಿನ ನೋಡಿದ. ಎಷ್ಟು ಚೆನ್ನಾಗಿ ಹೋಗುತ್ತದಲ್ಲ ಎಂದುಕೊಂಡ. ಎದೆಯ ಬಿಗಿ ಒಂದು ಎಳೆ ಸಡಿಲವಾಯಿತು. ಹತ್ತೊಂಬತ್ತು ರನ್ ಹಾಗೆಯೇ ಬಂದವು. ಎದ್ದು ಹೊರಟಿದ್ದ ಜನ ಓಡಿ ಬಂದು ಸಿಕ್ಕ ಜಾಗದಲ್ಲಿ ಕೂತರು. ಇನ್ನು ನಾಲ್ಕು ಬೇಕು.

ದಾಂಡಿಗ ಚೆಂಡನ್ನು ಬಲಗಡೆಗೆ ತಳ್ಳಿದ. ಅಲ್ಲಿ ಫೀಲ್ಡರ್ ಇದ್ದ, ಆದರೂ ರನ್ ಇತ್ತು. ಹೊಸಬ ಎದುರು ತುದಿಯವನಿಗೆ "ಬಾ" ಎಂದು ಕೂಗಿದ, ಕೂಗಿ ಓಡಿದ.

ಆ ಕೂಗು ದಾಂಡಿಗನ ಕಿವಿಗೆ ಬಿದ್ದದ್ದೇ ತಡ, ಅವನು ಎಲ್ಲ ಮರೆತ. ತನಗೆ ಬೈ-ರನ್ನರ್ ಇದ್ದಾನೆ ಎಂಬುದನ್ನು ಮರೆತ, ತೊಡೆ ಹರಿದಿದೆ ಎಂಬುದನ್ನು ಮರೆತ. ಯಾರೋ ಬಾ ಎಂದಿದ್ದಾರೆ, ಈಗ ತಿರುಗುತ್ತಾರೆ, ನಾನು ನಡುವೆ ಸಿಕ್ಕಿಬೀಳುತ್ತೇನೆ ಎಂಬ ಹಳೆಯ ಭಯ ಒಂದೇ ಏಟಿಗೆ ಎದ್ದು ಅವನನ್ನು ನೂಕಿತು. ಹತ್ತು ವರ್ಷ ಬಾ ಎಂದರೆ ಏಳದಿದ್ದ ಕಾಲು ಅಂದು ಗೆರೆ ಮುಟ್ಟುವ ಆತುರಕ್ಕೆ ಎದ್ದಿತು, ತಾನೇ ಓಡಿದ. ನಾಲ್ಕು ಹೆಜ್ಜೆ ಇಟ್ಟ, ಕಾಲು ಮಡಚಿತು, ಮೈದಾನದ ನಡುವೆ ಮಕಾಡೆ ಬಿದ್ದ.

ನಿಯಮ ಹೀಗಿದೆ ಕೇಳು. ಬೈ-ರನ್ನರ್ ಇದ್ದಾಗ ಹೊಡೆದವನು ತನ್ನ ಗೆರೆಯೊಳಗೇ ಇರಬೇಕು. ರನ್ನರ್ ಕ್ಷೇಮವಾಗಿ ಮುಟ್ಟಿದ್ದರೂ, ಹೊಡೆದವನು ಗೆರೆಯ ಹೊರಗಿದ್ದು ಅಲ್ಲಿ ವಿಕೆಟ್ ಬಿದ್ದರೆ ಅವನು ಔಟ್. ಹೊಸಬ ಆ ತುದಿ ಮುಟ್ಟಿ ಆಗಿತ್ತು. ಜೊತೆಗಾರ ಈ ತುದಿ ಮುಟ್ಟಿ ಆಗಿತ್ತು. ಇಬ್ಬರೂ ಕ್ಷೇಮ. ನಡುವೆ ಬಿದ್ದಿದ್ದವನು ಇವನೊಬ್ಬನೇ. ಫೀಲ್ಡರ್ ಎಸೆದ, ವಿಕೆಟ್ ಕೀಪರ್ ಒಂದು ಗಳಿಗೆ ಹಿಂದೆಮುಂದೆ ನೋಡಿ ವಿಕೆಟ್ ಬೀಳಿಸಿದ. ಅಂಪೈರ್ ಬೆರಳೆತ್ತಿದರು. ರನ್ ಔಟ್.

 ದಾಂಡಿಗ ಅಲ್ಲೇ ಮಣ್ಣಿನಲ್ಲಿ ಬಿದ್ದಿದ್ದ. ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದೇ ಎಲ್ಲರೂ ತಿಳಿದರು. ಹೊಸಬ ಆ ತುದಿಯಿಂದ ಓಡಿ ಬಂದು ಅವನನ್ನು ಮಗುಚಿ ನೋಡಿದ. ಅವನು ನಗುತ್ತಿದ್ದ. ಕಣ್ಣಲ್ಲಿ ನೀರೂ ಇತ್ತು, ಅದು ಬೇರೆ ಮಾತು. ಹತ್ತು ವರ್ಷ ಯಾವುದಕ್ಕೆ ಹೆದರಿ ಹೆದರಿ ಸತ್ತಿದ್ದನೋ ಅದು ಆಗಿಹೋಗಿತ್ತು. ಆಗಿದ್ದಕ್ಕೆ ಬೇರೆ ಯಾರೂ ಕಾರಣರಲ್ಲ. ಯಾರು ಖಂಡಿತ ಕೈ ಕೊಡುತ್ತಾನೆ ಎಂದುಕೊಂಡಿದ್ದನೋ ಅವನು ಎದೆ ಒಡೆಯುವಂತೆ ಓಡಿ, ಗೆರೆ ಮುಟ್ಟಿ, ಈಗ ಬಂದು ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದಾನೆ.

ಹೊಸಬನ ಹೆಗಲ ಮೇಲೆ ಪೂರ್ತಿ ಭಾರ ಹಾಕಿ ದಾಂಡಿಗ ಹೊರಗೆ ನಡೆದ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಆ ಗದ್ದಲದಲ್ಲಿ ಬಾಯಿ ಕಿವಿಯ ಹತ್ತಿರ ಇಟ್ಟರೆ ಮಾತ್ರ ಮಾತು ಕೇಳಿಸುತ್ತಿತ್ತು. ದಾಂಡಿಗ ಇಟ್ಟ.

"ಆವತ್ತು ಕರೆದವನು ನಾನು. ನೀನು ಬಂದೆ. ನಾನು ಬೇಡ ಎಂದೂ ಹೇಳದೆ ತಿರುಗಿಬಿಟ್ಟೆ. ತಪ್ಪು ನನ್ನದು" ಎಂದ.

ಹೊಸಬ ಅವನ ತೋಳನ್ನು ತನ್ನ ಹೆಗಲ ಮೇಲೆ ಇನ್ನಷ್ಟು ಎಳೆದುಕೊಂಡ.

"ಗೊತ್ತು ಅಣ್ಣ. ಎರಡು ವರ್ಷ ನಿಮ್ಮನ್ನು ದಿನಾ ಬೈದೆ. ಆಮೇಲೆ ಮಗಳು ಹುಟ್ಟಿದಳು, ಬೈಯಲು ಪುರಸೊತ್ತೇ ಆಗಲಿಲ್ಲ. ಆದರೂ ನೀವು ಒಂದು ಸಲ ಹೇಳಬೇಕು ಅಂತ ಇತ್ತು. ಹೇಳಿದಿರಿ, ಸಾಕು" ಎಂದ.

ಇಷ್ಟೇ ಮಾತು. ಹತ್ತು ವರ್ಷದ ಕಲ್ಲು ಕರಗುವುದಕ್ಕೆ ಮೈದಾನದ ಮಧ್ಯದಿಂದ ಪೆವಿಲಿಯನ್ನಿಗೆ ನಡೆಯುವಷ್ಟು ಹೊತ್ತು ಸಾಕಾಯಿತು.

ಪಂದ್ಯ ಏನಾಯಿತು ಎನ್ನುತ್ತೀಯಾ? ಇಬ್ಬರೂ ಒಳಗೆ ಬೆಂಚಿನ ಮೇಲೆ ಕೂತಿದ್ದರು. ದಾಂಡಿಗನ ತೊಡೆಗೆ ಐಸು ಕಟ್ಟಿತ್ತು, ಹೊಸಬ ತನ್ನ ಮಗಳು ಶಾಲೆಯ ಓಟದಲ್ಲಿ ಬಹುಮಾನ ಗೆದ್ದ ಕತೆ ಹೇಳುತ್ತಿದ್ದ. ಹೊರಗೆ ಒಮ್ಮೆಲೇ ಕೇಕೆ ಎದ್ದಿತು. ಹನ್ನೊಂದನೆಯ ಆಟಗಾರ ಕಣ್ಣುಮುಚ್ಚಿ ಬೀಸಿದ ಬ್ಯಾಟಿಗೆ ಚೆಂಡು ಸಿಕ್ಕಿ ಫೋರು ಹೋಗಿತ್ತು, ತಂಡ ಗೆದ್ದಿತ್ತು. ಇವರಿಬ್ಬರೂ ಅದನ್ನು ನೋಡಲೇ ಇಲ್ಲ.

ಮರುದಿನ ದಾಂಡಿಗ ಊರಿಗೆ ಹೊರಟ. ಕಾಲು ಬಳಸುವಂತಿರಲಿಲ್ಲ, ಹೆಂಡತಿ ಕಾರು ಓಡಿಸಿದಳು. ಪಂದ್ಯ ನಡೆದ ನಗರದ ಗಡಿ ದಾಟುವ ಮೊದಲೇ ಅವನಿಗೆ ನಿದ್ದೆ ಹತ್ತಿತು. ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಾ ಆರು ಗಂಟೆ ಮಲಗಿದ. ನಡುವೆ ಅವಳು ಎರಡು ಸಲ ಕಾಫಿಗೆ ನಿಲ್ಲಿಸಿದಳು, ಎಬ್ಬಿಸಲಿಲ್ಲ. ಮನೆ ಮುಟ್ಟಿದ ಮೇಲೆ ಅವನು ಕಣ್ಣುಜ್ಜಿಕೊಂಡು, ಬಂದೇಬಿಟ್ಟೆವೇ ಎಂದು ಕೇಳಿದನಂತೆ. ಅವಳು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತಳು. ಅದು ದುಃಖದ ಅಳುವಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಮುಖ ಅರಳಿತ್ತು. ಆ ದಾಂಡಿಗ ತನ್ನ ಸ್ವಂತ ಅಣ್ಣನೋ ಎಂಬಂತೆ ಅವನು ಒಂದು ದೊಡ್ಡ ಉಸಿರು ಬಿಟ್ಟನು. ಹೇಗೂ ಒಳ್ಳೆಯದಾಯಿತಲ್ಲ ಬುದ್ಧೀ, ಪಾಪ, ಬಹಳ ನೊಂದಿದ್ದ ಎಂದನು.  ಆಮೇಲೆ ಏನೋ ನೆನಪಾದವನಂತೆ ಕೂತಲ್ಲೇ ಸರಿದಾಡಿದನು.

"ಆದರೆ ಬುದ್ಧೀ, ನಾನು ಯಾರಿಗೂ ಹಾಗೆ ಮಾಡಿದವನಲ್ಲ" ಎಂದನು.

ನೀನು ಮಾಡಿದೆ ಎಂದು ಗುರುಗಳು ಹೇಳಿರಲಿಲ್ಲ. ಅವರು ಮರುಳಯ್ಯನ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟು ಕೇಳಿದರು:

"ನಿನ್ನನ್ನು ನಂಬಿ ಓಡಿ ಬಂದವನು ಈಗ ಯಾವ ಊರಿನಲ್ಲಿದ್ದಾನೆ, ಮರುಳಯ್ಯ?"